ಟೈರಿನ ಮೇಲೊಂದು ಕೀಲಿಕೈ

ಬೆಳಗಿನ ಜಾವ. ಆಲ್ಡರ್ ಹೊಳೆಯ ದಂಡೆಯಲ್ಲಿ ಜಲ್ಲಿ ಹಾಸಿದ ಬಯಲು. ಅಲ್ಲಿ ಸಾಲಾಗಿ ಪಿಕಪ್ ಗಾಡಿಗಳು ನಿಂತಿವೆ, ಪ್ರತಿಯೊಂದರ ಹಿಂದೆಯೂ ದೋಣಿ ಇಳಿಸಿ ಖಾಲಿಯಾದ ಟ್ರೇಲರ್. ಮನುಷ್ಯರು ಒಬ್ಬರೂ ಇಲ್ಲ. ಕತ್ತಲಿರುವಾಗಲೇ ದೋಣಿ ನೀರಿಗೆ ತಳ್ಳಿಕೊಂಡು ಎಲ್ಲರೂ ಹೊಳೆಯಲ್ಲಿ ಕೆಳಗೆ ಹೋಗಿಯಾಗಿದೆ. ಸೆಪ್ಟೆಂಬರ್ ಕೊನೆಯ ಚಳಿಗೆ ಗಾಡಿಗಳ ಗಾಜಿನ ಮೇಲೆ ತೆಳ್ಳಗೆ ಹಿಮ ಕಟ್ಟಿದೆ. ಮೊದಲ ಗಾಡಿಯ ಮುಂದೆ ಮಂಡಿಯೂರಿದ ಹೆಂಗಸೊಬ್ಬರು ಕೈಗವಸು ಕಳಚಿ, ಟೈರಿನ ಮೇಲ್ಭಾಗವನ್ನು ಬರಿಗೈಯಲ್ಲಿ ತಡವುತ್ತಿದ್ದಾರೆ. ಗೊತ್ತಿಲ್ಲದವರು ಕಂಡರೆ ಕಳ್ಳಿ ಎಂದುಕೊಳ್ಳುವುದೇ ಸರಿ. ಕೈಗೆ ಕೀಲಿಕೈ ಸಿಗುತ್ತದೆ. ಅವರು ಎದ್ದು, ಮಂಡಿಗಂಟಿದ ಜಲ್ಲಿ ಕೊಡವಿಕೊಳ್ಳುತ್ತಾರೆ.

ಇವರು ವರ್ನಾ ಹಾಲ್ಕಮ್. ವಯಸ್ಸು ಅರವತ್ತೇಳು. ಡಂಕನ್ ಫೆರಿ ಎಂಬ ಈ ಕಡವಿನಿಂದ ದೋಣಿಯಲ್ಲಿ ಹೊರಟವರು ಮತ್ತೆ ಇಲ್ಲಿಗೆ ಬರುವುದಿಲ್ಲ, ಹೊಳೆ ಹಿಂದಕ್ಕೆ ಹರಿಯುವುದಿಲ್ಲವಲ್ಲ. ದಿನವಿಡೀ ಅಲ್ಲಲ್ಲಿ ಇಳಿದು ಗಾಳ ಹಾಕುತ್ತ ಸಂಜೆಗೆ ಸ್ಟೋನ್ ಬ್ರಿಜ್ ಬಳಿ ದಂಡೆ ಸೇರುತ್ತಾರೆ. ಅಷ್ಟು ಹೊತ್ತಿಗೆ ಅವರ ಗಾಡಿ, ಟ್ರೇಲರ್ ಅಲ್ಲಿಗೆ ಬಂದಿರಬೇಕು. ಕಣಿವೆಯ ಮಣ್ಣುರಸ್ತೆಯಲ್ಲಿ ಓಡಿಸಿಕೊಂಡು ಬಂದು ನಿಲ್ಲಿಸುವವರು ವರ್ನಾ.

"ಬೆಳಿಗ್ಗೆ ಇಲ್ಲಿ ಬಿಟ್ಟ ಗಾಡಿ ಸಂಜೆ ಅಲ್ಲಿರುತ್ತೆ. ನಡುವೆ ಏನಾಯ್ತು ಅಂತ ಯಾರೂ ಕೇಳಲ್ಲ. ಕೇಳಿದ್ರು ಅಂದ್ರೆ ನಾನೇನೋ ಎಡವಟ್ಟು ಮಾಡಿದೀನಿ ಅಂತ ಅರ್ಥ," ಎನ್ನುತ್ತಾರೆ.

ಮಾತಾಡುತ್ತಲೇ ಅವರ ಕಣ್ಣು ಗಾಡಿಗಳ ಸಾಲಿನ ತುದಿಗೆ ಹೋಗುತ್ತದೆ. ಅಲ್ಲಿ, ಆಲ್ಡರ್ ಮರಗಳ ಕೆಳಗೆ, ಬಣ್ಣ ಮಾಸಿದ ಹಳೆಯ ಹಸಿರು ಪಿಕಪ್ ಒಂದು ನಿಂತಿದೆ. ಅದನ್ನು ನೋಡಿದ ಮೇಲೆ ವರ್ನಾ ಮುಖ ಸ್ವಲ್ಪ ಸಡಿಲಾಗುತ್ತದೆ. "ಬಂದಿದಾರೆ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಹೋದ ವಾರದಿಂದ ಅವರು ದಿನಾ ಕಾಯುತ್ತಿದ್ದದ್ದು ಆ ಗಾಡಿಗೆ. ಆದರೆ ಅದರ ಹತ್ತಿರ ಈಗಲೇ ಹೋಗುವುದಿಲ್ಲ. ಇಷ್ಟದ ತಿಂಡಿಯನ್ನು ಮಕ್ಕಳು ತಟ್ಟೆಯ ಅಂಚಿಗೆ ಸರಿಸಿಟ್ಟುಕೊಳ್ಳುವ ಹಾಗೆ ಅದನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ.

ಗಾಡಿ ಮುಟ್ಟಿಸಿದ ಮೇಲೆ ಇನ್ನೊಂದನ್ನು ತರಲು ವಾಪಸು ಬರಬೇಕಲ್ಲ, ಅದಕ್ಕೊಂದು ಸಣ್ಣ ಮೋಟಾರ್ ಬೈಕಿದೆ. ಪಿಕಪ್ಪಿನ ಹಿಂಬದಿಗೆ ಹಲಗೆ ಒರಗಿಸಿ, ಬೈಕಿನ ಎಂಜಿನ್ ಚಾಲೂ ಮಾಡಿ, ಪಕ್ಕದಲ್ಲಿ ನಡೆಯುತ್ತ ಅದನ್ನು ಹಲಗೆ ಹತ್ತಿಸುತ್ತಾರೆ. ಫೆರಿಯ ಅಂಗಡಿಯ ಮರ್ವಿನ್ ಟೀಗಾರ್ಡನ್ ಬಾಗಿಲಿಗೆ ಬಂದು, ಕೈಯಲ್ಲಿ ಕಾಫಿ ಹಿಡಿದು, ದಿನದ ಈ ತಮಾಷೆಯನ್ನು ತಪ್ಪದೆ ನೋಡುತ್ತಾರೆ.

"ಏನೇ ವರ್ನಾ, ಇವತ್ತು ನೀನು ಬೈಕ್ ಮೇಲೋ, ಬೈಕ್ ನಿನ್ನ ಮೇಲೋ?"

"ಇಷ್ಟು ವರ್ಷ ನಿನ್ನ ಕಾಫಿ ಕುಡಿದೂ ಬದುಕಿದೀನಿ ಕಣೋ. ಈ ಬೈಕ್ ನನ್ನನ್ನೇನ್ ಮಾಡುತ್ತೆ!"

ಬೆಳಗಿನಿಂದ ಸಂಜೆಯವರೆಗೆ ವರ್ನಾ ಜೊತೆ ಯಾರಾದರೂ ಆಡುವ ಮಾತು ಹೆಚ್ಚುಕಡಿಮೆ ಇಷ್ಟೇ.

ಈ ಕೆಲಸಕ್ಕೆ ಅವರದೇ ಒಂದು ಕಟ್ಟುನಿಟ್ಟಿದೆ. ಗಾಡಿಯಲ್ಲಿ ತಾನು ಕೂತಿದ್ದ ಗುರುತು ಉಳಿಯಬಾರದು. ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದರೆ ಇಳಿಯುವಾಗ ಇದ್ದಲ್ಲಿಗೇ ತಳ್ಳುತ್ತಾರೆ. ಕನ್ನಡಿ ತಿರುಗಿಸುವುದಿಲ್ಲ, ತಮ್ಮ ಕತ್ತನ್ನೇ ಅದಕ್ಕೆ ತಕ್ಕಂತೆ ಓರೆ ಮಾಡಿಕೊಳ್ಳುತ್ತಾರೆ. ಒಳಗೆ ಕಾಫಿ ಕುಡಿಯುವುದಿಲ್ಲ. ರೇಡಿಯೊ ಮುಟ್ಟುವುದಿಲ್ಲ. ಕಣಿವೆಯ ಉದ್ದಕ್ಕೂ ಜಲ್ಲಿಯ ಸದ್ದು ಬಿಟ್ಟರೆ ಬೇರೇನಿಲ್ಲ. ಸ್ಟೋನ್ ಬ್ರಿಜ್‌ನಲ್ಲಿ ಗಾಡಿಯನ್ನು ದೋಣಿ ಎಳೆದುಕೊಳ್ಳಲು ಸುಲಭವಾಗುವಂತೆ ತಿರುಗಿಸಿ ನಿಲ್ಲಿಸಿ, ಕೀಲಿಕೈಯನ್ನು ಯಾವ ಟೈರಿನ ಮೇಲಿಂದ ತೆಗೆದರೋ ಅದೇ ಟೈರಿನ ಮೇಲಿಡುತ್ತಾರೆ. ಇಲ್ಲಿ ಎಲ್ಲರೂ ಕೀಲಿಕೈ ಇಡುವುದು ಹಾಗೆಯೇ. ಇಡೀ ಕಣಿವೆಗೆ ಗೊತ್ತಿರುವ ಜಾಗದಲ್ಲಿ ಇಟ್ಟು ಹೋಗುತ್ತಾರೆ, ಇದುವರೆಗೆ ಒಂದು ಗಾಡಿಯೂ ಕಳುವಾಗಿಲ್ಲ.

"ಯಾರ ಮನೇಲಿ ಏನು ನಡೀತಿದೆ ಅಂತ ನನಗೆ ಗೊತ್ತು," ಎಂದು ನಗುತ್ತಾರೆ ವರ್ನಾ. "ಒಂದು ಗಾಡೀಲಿ ಹೋದ ವರ್ಷ ಇಬ್ಬರ ಕಾಫಿ ಲೋಟ ಇರ್ತಿತ್ತು, ಈ ವರ್ಷ ಒಂದೇ. ಇನ್ನೊಂದರಲ್ಲಿ ಮಗು ಕೂರಿಸೋ ಕುರ್ಚಿ ಬಂದಿದೆ. ಒಬ್ಬ ಸೂರ್ಯಕಾಂತಿ ಬೀಜ ತಿಂದು ಸಿಪ್ಪೆ ಅಲ್ಲೇ ಉಗೀತಾನೆ, ಕೊಳಕ. ಆದರೆ ಮುಖ ಕೇಳಿ, ಒಂದೂ ಗೊತ್ತಿಲ್ಲ. ನಾನು ಬರೋ ಹೊತ್ತಿಗೆ ಅವರು ಹೋಗಿರ್ತಾರೆ. ಅವರು ಬರೋ ಹೊತ್ತಿಗೆ ನಾನು ಹೋಗಿರ್ತೀನಿ."

ಇಷ್ಟೊಂದು ಜನ ಕತ್ತಲಲ್ಲೆದ್ದು ಓಡುವುದು ಸ್ಟೀಲ್‌ಹೆಡ್ ಎಂಬ ಮೀನಿಗೆ. ಈ ಹೊಳೆಯಲ್ಲೇ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಎಲೆ ಹಳದಿಗೆ ತಿರುಗುವ ಹೊತ್ತಿಗೆ ಹುಟ್ಟೂರಿಗೆ ಬರುವ ಮೀನು ಅದು. ಬಿಸಿಲು ಬಿದ್ದ ನೀರಿನಲ್ಲಿ ಮೂತಿ ಎತ್ತುವುದಿಲ್ಲ. ಹಾಗಾಗಿ ಬೆಳಿಗ್ಗೆ ಬಿಸಿಲು ಕಣಿವೆಗೆ ಇಳಿಯುವವರೆಗೆ ಮತ್ತು ಸಂಜೆ ನೆರಳು ಬಿದ್ದ ಮೇಲೆ ಮಾತ್ರ ಗಾಳಕ್ಕೆ ಕೆಲಸ. ಕೊಕ್ಕೆಗೆ ಪುಕ್ಕ, ಉಣ್ಣೆ, ನೂಲು ಸುತ್ತಿ ಕಟ್ಟಿದ ನಕಲಿ ಹುಳುವನ್ನು ಹೊಳೆಗೆ ಅಡ್ಡವಾಗಿ ಎಸೆಯಬೇಕು. ಅದು ಸೆಳವಿನಲ್ಲಿ ತೇಲಿ ದಂಡೆಯತ್ತ ಬರುವವರೆಗೆ ಕಾಯಬೇಕು. ಒಂದು ಹೆಜ್ಜೆ ಕೆಳಗೆ ಸರಿಯಬೇಕು, ಮತ್ತೆ ಎಸೆಯಬೇಕು. ವಾರಗಟ್ಟಲೆ ಹೀಗೆ ಮಾಡಿ ಒಂದು ಮೀನೂ ಕಾಣದೆ ಖುಷಿಯಾಗಿ ಮನೆಗೆ ಹೋಗುವವರಿದ್ದಾರೆ. ಅಕಸ್ಮಾತ್ ಸಿಕ್ಕರೂ ಹೊಳೆಯಲ್ಲಿ ಹುಟ್ಟಿದ ಮೀನನ್ನು ಬಿಟ್ಟುಬಿಡಬೇಕು, ಅದು ನಿಯಮ.

"ಹಿಡಿಯೋದು, ಕಣ್ತುಂಬ ನೋಡೋದು, ಬಿಡೋದು," ಎನ್ನುತ್ತಾರೆ ವರ್ನಾ. "ಮೊದಮೊದಲು ನಾನೂ ಇವರಿಗೆ ತಲೆ ಕೆಟ್ಟಿದೆ ಅಂತಿದ್ದೆ. ಆಮೇಲೆ ನನಗೂ ಕೆಡ್ತು."

ತಲೆ ಕೆಡಿಸಿದವರು ಗಂಡ ಗೇಲ್. ವರ್ನಾ ಹುಟ್ಟಿದ್ದು ಕಣಿವೆಯ ಮೇಲಿನ ಗೋಧಿ ಹೊಲಗಳಲ್ಲಿ. ಕಾಲು ಬ್ರೇಕಿಗೆ ಎಟುಕುವ ಮೊದಲೇ ಅಪ್ಪನ ಗೋಧಿ ಲಾರಿ ಓಡಿಸಿದವರು. ಗೇಲ್ ಕೂಡ ಲಾರಿಯವರೇ. ಇಬ್ಬರಿಗೂ ಗೊತ್ತಿದ್ದದ್ದು ಗಾಡಿ ಓಡಿಸುವುದು ಮತ್ತು ಹೊಳೆಯ ದಂಡೆಯಲ್ಲಿ ನಿಲ್ಲುವುದು, ಎರಡನ್ನೂ ಸೇರಿಸಿ ಈ ಕಸುಬು ಕಟ್ಟಿಕೊಂಡರು. ಮಕ್ಕಳಾಗಲಿಲ್ಲ. ವರ್ನಾ ಮೀನುಗಾರರ ಗಾಡಿ ಓಡಿಸುತ್ತಿದ್ದರು, ಅವರ ಧೂಳು ಕುಡಿಯುತ್ತ ಹಿಂದೆ ತಮ್ಮ ಕಾರಿನಲ್ಲಿ ಗೇಲ್. ವಾಪಸು ಬರುವಾಗ ಇಬ್ಬರೂ ಒಂದೇ ಕಾರಿನಲ್ಲಿ, ರೇಡಿಯೊ ಜೋರಾಗಿ ಹಾಕಿಕೊಂಡು, ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತ ಬರುತ್ತಿದ್ದರು. ಗೇಲ್ ರಾಗ ತಪ್ಪಿ ಹಾಡುತ್ತಿದ್ದರಂತೆ, ಅದೂ ಬಲು ಜೋರಾಗಿ.

ಹನ್ನೊಂದು ವರ್ಷದ ಹಿಂದಿನ ಚಳಿಗಾಲದಲ್ಲಿ ಗೇಲ್ ಹೃದಯ ನಿಂತಿತು. ವಸಂತದಲ್ಲಿ ವರ್ನಾ ಕಾರು ಮಾರಿ ಬೈಕು ಕೊಂಡರು.

"ಹೋಗುವಾಗ ಒಬ್ಬರ ಹಿಂದೆ ಒಬ್ಬರು, ಬರುವಾಗ ಜೊತೇಲಿ. ಹಾಗಿತ್ತು ನಮ್ಮದು. ಈಗಲೂ ಗಾಡಿ ಓಡಿಸುವಾಗ ಕನ್ನಡೀಲಿ ಹಿಂದೆ ನೋಡ್ತೀನಿ. ಧೂಳು ಮಾತ್ರ ಇರುತ್ತೆ. ಅಭ್ಯಾಸ, ಹೋಗಲ್ಲ," ಎನ್ನುತ್ತಾರೆ.

ಹಸಿರು ಪಿಕಪ್ಪಿನ ಕಥೆ ಶುರುವಾಗಿದ್ದು ಆಮೇಲೆ. ಅದರ ಒಡೆಯ ಎಲ್ಡನ್ ಪ್ರೂಯಿಟ್, ಬೆಟ್ಟದಾಚೆಯ ಪೈನ್ ಹಾಲೋ ಊರಿನವರು. ಮರದ ಮಿಲ್ಲಿನಲ್ಲಿ ಗರಗಸದ ಹಲ್ಲು ಮಸೆಯುತ್ತಿದ್ದು ನಿವೃತ್ತರಾದವರು. ವರ್ಷಕ್ಕೊಮ್ಮೆ ಮರ್ವಿನ್ ಅಂಗಡಿಗೆ ಫೋನ್ ಮಾಡಿ ಗಾಡಿ ಸಾಗಿಸಲು ಹೇಳುತ್ತಾರೆ. ತಾವೇ ಕಟ್ಟಿದ ಮರದ ದೋಣಿಯಲ್ಲಿ ಒಬ್ಬರೇ ಬರುತ್ತಾರೆ. ಎಲ್ಲರೂ ಕೀಲಿಕೈಯನ್ನು ಮುಂದಿನ ಟೈರಿನ ಮೇಲಿಟ್ಟರೆ ಇವರದು ಹಿಂದಿನ ಎಡ ಟೈರು. ವರ್ನಾಗೆ ಇವರ ಬಗ್ಗೆ ಗೊತ್ತಿದ್ದದ್ದು ಅಷ್ಟೇ.

ಗೇಲ್ ಹೋದ ಮೇಲಿನ ಮೊದಲ ಸೆಪ್ಟೆಂಬರ್‌ನಲ್ಲಿ ಆ ಗಾಡಿಯ ಕನ್ನಡಿಗೆ ನೇರಳೆ ಬಣ್ಣದ ಪುಕ್ಕದ ಹುಳುವೊಂದು ನೂಲಿನಲ್ಲಿ ನೇತಾಡುತ್ತಿತ್ತು. ಇನ್ನೊಬ್ಬರ ವಸ್ತು ಎಂದು ವರ್ನಾ ಮುಟ್ಟಲಿಲ್ಲ. ಮರುವರ್ಷ ಎರಡು ಹುಳು ನೇತಾಡುತ್ತಿದ್ದವು. ಆಗಲೂ ಮುಟ್ಟಲಿಲ್ಲ. ಮೂರನೆಯ ವರ್ಷ ಟೈರಿನ ಮೇಲೆ ಕೈಯಿಟ್ಟರೆ, ಕೀಲಿಕೈಗೆ ಕಟ್ಟಿದ ಚರ್ಮದ ಪಟ್ಟಿಗೇ ಹುಳುವನ್ನು ಚುಚ್ಚಿಟ್ಟಿದ್ದಾರೆ! ಇಷ್ಟಾದ ಮೇಲೂ ಅರ್ಥವಾಗದಿದ್ದರೆ ಹೇಗೆ?

"ಇವಳಿಗೆ ಹೀಗೆ ಹೇಳಿದ್ರೇ ತಿಳಿಯೋದು ಅಂತ ಅವರಿಗೂ ಗೊತ್ತಾಯ್ತು ಅನ್ಸುತ್ತೆ," ಎಂದು ವರ್ನಾ ಮುಖ ಕೆಂಪಾಗಿಸಿಕೊಳ್ಳುತ್ತಾರೆ. ಆ ದಿನ ಅವರು ಮೊದಲ ಬಾರಿ ತಮ್ಮ ಕಟ್ಟುನಿಟ್ಟು ಮುರಿದರು. ಮನೆಯ ಹಿತ್ತಲ ಮರದ ಏಪ್ರಿಕಾಟ್ ಜಾಮಿನ ಒಂದು ಶೀಶೆಯನ್ನು ಸೀಟಿನ ಮೇಲಿಟ್ಟು ಬಂದರು. ಮುಂದಿನ ವರ್ಷ ತೊಳೆದ ಖಾಲಿ ಶೀಶೆ ಅದೇ ಸೀಟಿನ ಮೇಲೆ ಕಾದಿತ್ತು.

ಅಂದಿನಿಂದ ಪ್ರತಿ ಸೆಪ್ಟೆಂಬರ್ ಒಂದು ಹುಳು, ಒಂದು ಶೀಶೆ. ಮಾತಿಲ್ಲ, ಮುಖ ನೋಡಿದ್ದಿಲ್ಲ. ಮಧ್ಯಾಹ್ನ ಕೆಲಸ ಮುಗಿದ ಮೇಲೆ, ನೆರಳು ಬೀಳುವುದನ್ನು ಕಾದು, ವರ್ನಾ ಗೇಲ್ ಬಿಟ್ಟುಹೋದ ಗಾಳದ ಕೋಲಿಗೆ ಆ ಹುಳು ಕಟ್ಟಿ ಹೊಳೆಗೆ ಇಳಿಯುತ್ತಾರೆ. ಇಡೀ ಕಣಿವೆಯಲ್ಲಿ, ಗಾಡಿ ತಾನಾಗಿ ನಡೆದು ಬರುವುದಿಲ್ಲ, ನಡುವೆ ಯಾರೋ ಒಬ್ಬರಿದ್ದಾರೆ ಎಂದು ನೆನೆದವರು ಎಲ್ಡನ್ ಒಬ್ಬರೇ. ವರ್ಷವಿಡೀ ಒಂಟಿಯಾಗಿರುವವರಿಗೆ ಅದು ಸಣ್ಣ ಸಂಗತಿಯಲ್ಲ.

ಆದರೆ ಹುಳುಗಳು ವರ್ಷದಿಂದ ವರ್ಷಕ್ಕೆ ಬೇರೆಯೇ ಸುದ್ದಿ ಹೇಳುತ್ತಿವೆ. ಮೊದಲು ಬೆರಳ ತುದಿಯಷ್ಟಿದ್ದವು, ನೂಲಿನ ಒಂದು ಸುತ್ತೂ ಹೆಚ್ಚು-ಕಡಿಮೆ ಇರುತ್ತಿರಲಿಲ್ಲ. ಬರಬರುತ್ತ ಕೊಕ್ಕೆ ದೊಡ್ಡದಾಯಿತು. ಹೋದ ವರ್ಷದ್ದಂತೂ ಗಂಟುಗಂಟಾಗಿ, ಪುಕ್ಕ ಒಂದು ಪಕ್ಕಕ್ಕೆ ವಾಲಿತ್ತು. ಕಟ್ಟಿದ ಕೈ ನಡುಗುತ್ತಿದೆ, ಕಣ್ಣು ಮಂಜಾಗಿದೆ ಎಂದು ವರ್ನಾಗೆ ಯಾರೂ ಹೇಳಬೇಕಾಗಿರಲಿಲ್ಲ. ಹಾಗಾಗಿಯೇ ಈ ಬಾರಿ ಅಷ್ಟು ಕಾದದ್ದು.

ಎರಡು ಗಾಡಿ ಸಾಗಿಸಿ, ಬೈಕಿನಲ್ಲಿ ಮೂರನೆಯ ಸಲ ಫೆರಿಗೆ ಬಂದಾಗ ಬಿಸಿಲು ಎದುರು ಬಂಡೆಯ ನೆತ್ತಿಗೆ ಬಂದಿದೆ. ಚೀಲದಲ್ಲಿ ಜಾಮಿನ ಶೀಶೆಯಿದೆ. ಇನ್ನೊಂದು ಗಾಡಿ ಬಾಕಿಯಿದ್ದರೂ ತಡೆಯಲಾರದೆ ವರ್ನಾ ಹಸಿರು ಪಿಕಪ್ಪಿನ ಹಿಂದೆ ಮಂಡಿಯೂರಿ ಎಡ ಟೈರಿನ ಮೇಲೆ ಕೈಯಾಡಿಸುತ್ತಾರೆ.

ಕೀಲಿಕೈ ಇಲ್ಲ.

ಬಲ ಟೈರು ನೋಡುತ್ತಾರೆ. ಮುಂದಿನ ಎರಡೂ ನೋಡುತ್ತಾರೆ. ಪೆಟ್ರೋಲ್ ಮುಚ್ಚಳದ ಹಿಂದೆ, ಬಂಪರಿನ ಒಳಗೆ, ಟ್ರೇಲರ್ ಕೊಂಡಿಯ ಮೇಲೆ, ಕೆಳಗಿನ ಜಲ್ಲಿಯಲ್ಲಿ, ಎಲ್ಲೂ ಇಲ್ಲ. ಕೀಲಿಕೈ ಜೇಬಿನಲ್ಲೇ ಇಟ್ಟುಕೊಂಡು ದೋಣಿ ಹತ್ತಿಬಿಡುವುದು ಇಲ್ಲಿ ಹೊಸಬರು ಮಾಡುವ ತಪ್ಪು. ಗಾಡಿ ಇಲ್ಲೇ ಉಳಿಯುತ್ತದೆ, ಕೀಲಿಕೈ ಹೊಳೆಯಲ್ಲಿ ತೇಲುತ್ತ ಹೋಗುತ್ತದೆ, ಸಂಜೆ ಸ್ಟೋನ್ ಬ್ರಿಜ್‌ನಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತು ಪೆಚ್ಚಾಗುತ್ತಾರೆ. ವರ್ಷಕ್ಕೊಬ್ಬರಾದರೂ ಹೀಗೆ ಮಾಡಿ ಮರ್ವಿನ್ ಅಂಗಡಿಯಲ್ಲಿ ನಗೆಪಾಟಲಾಗುತ್ತಾರೆ. ಆದರೆ ಎಲ್ಡನ್ ಹೊಸಬರಲ್ಲ.

ವರ್ನಾ ಗಾಜಿಗೆ ಹಣೆ ಹಚ್ಚಿ ಒಳಗೆ ನೋಡುತ್ತಾರೆ. ಸೀಟಿನ ಮೇಲೆ ಖಾಲಿ ಶೀಶೆ ಇದೆ. ಅದರ ಪಕ್ಕದಲ್ಲೇ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟೂ ಬಿದ್ದಿದೆ. ಸ್ಟೋನ್ ಬ್ರಿಜ್‌ಗೆ ಸ್ವಲ್ಪ ಮೇಲೆ, ಹೊಳೆ ಬಂಡೆಗಳ ನಡುವೆ ಕಿರಿದಾಗಿ ಧುಮುಕುವ ಇಳುಕಲೊಂದಿದೆ. ಹೇಸರಗತ್ತೆಯ ಒದೆ ಎಂದು ಅದಕ್ಕೆ ಹೆಸರು, ಹುಟ್ಟು ಹಾಕುವುದು ಚೂರು ತಡವಾದರೂ ದೋಣಿ ಮಗುಚುತ್ತದೆ. ಕಣ್ಣು ಮಂಜಾದ, ಮರೆವು ಶುರುವಾದ ಮುದುಕರೊಬ್ಬರು ಜಾಕೆಟ್ ಇಲ್ಲದೆ ಅಲ್ಲಿಗೆ ಹೊರಟಿದ್ದಾರೆ.

ವರ್ನಾ ಅಂಗಡಿಗೆ ಓಡುತ್ತಾರೆ. ಕಣಿವೆಯಲ್ಲಿ ಮೊಬೈಲ್ ಸಿಗುವುದಿಲ್ಲ. ಮರ್ವಿನ್ ತಂತಿ ಫೋನಿನಲ್ಲಿ ಷೆರಿಫ್ ಕಚೇರಿಗೆ ವಿಷಯ ಮುಟ್ಟಿಸುತ್ತಾರೆ.

"ಏನಂದ್ರು?"

"ಇನ್ನೂ ತಡ ಆಗಿಲ್ಲವಲ್ಲ ಅಂದ್ರು. ಕತ್ತಲಾದ್ರೂ ಬರದಿದ್ರೆ ದೋಣಿ ಕಳಿಸ್ತಾರಂತೆ. ಅವರು ಹೇಳೋದೂ ಸರೀನೇ ಅಲ್ವಾ? ಮೀನು ಹಿಡಿಯೋಕೆ ಹೋದವನು ಮೀನು ಹಿಡೀತಿದಾನೆ."

"ಜಾಕೆಟ್ ಬಿಟ್ಟು ಹೋಗಿದಾರೆ, ಮರ್ವ್."

"ಈಗ ಅವನ ಹಿಂದೆ ಈಜ್ಕೊಂಡು ಹೋಗ್ತೀಯಾ?" ಎನ್ನುತ್ತಾರೆ ಮರ್ವಿನ್. ಆಮೇಲೆ ಅವರ ಮುಖ ನೋಡಿ ದನಿ ತಗ್ಗಿಸುತ್ತಾರೆ. "ಇಳುಕಲಿನ ಹತ್ತಿರ ರಸ್ತೆ ಹೊಳೆ ಪಕ್ಕಕ್ಕೇ ಬರುತ್ತಲ್ಲ. ಅಲ್ಲಿಗೆ ಹೋಗಿ ನಿಂತ್ಕೋ. ಹೇಗಿದ್ರೂ ಅವನು ಅಲ್ಲಿ ದಾಟಲೇಬೇಕು."

ಆ ಪಿಕಪ್ಪಿನ ಬಾಗಿಲ ಮೂಲೆಯ ಪುಟ್ಟ ಮುಕ್ಕೋನದ ಗಾಜಿನ ಚಿಲಕ ಸಡಿಲವಿದೆ ಎಂದು ವರ್ನಾಗೆ ಎಷ್ಟೋ ವರ್ಷದಿಂದ ಗೊತ್ತು. ಗೊತ್ತಿದ್ದೂ ಮುಟ್ಟಿರಲಿಲ್ಲ. ಈಗ ಬೆರಳಿನಿಂದ ತಳ್ಳಿ, ತೋಳು ತೂರಿಸಿ, ಬಾಗಿಲು ತೆಗೆದು ಜಾಕೆಟ್ ಎತ್ತಿಕೊಳ್ಳುತ್ತಾರೆ. ಅಂದು ಉಳಿದಿದ್ದ ಇನ್ನೊಂದು ಗಾಡಿಯನ್ನೂ ಬಿಡುವಂತಿಲ್ಲ, ಅವರೂ ಸಂಜೆ ಬರುವವರೇ. ಅದನ್ನು ಹಲ್ಲು ಕಚ್ಚಿಕೊಂಡು ಮುಟ್ಟಿಸಿ, ಬೈಕಿನಲ್ಲಿ ಇಳುಕಲಿನ ಮೇಲ್ಗಡೆಯ ದಂಡೆಗೆ ಬರುತ್ತಾರೆ. ಜಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಂಡೆಯ ಮೇಲೆ ಕೂರುತ್ತಾರೆ.

ಇಲ್ಲಿ ಹೊಳೆ ಅಗಲವಾಗಿ, ಸೊಂಟದ ಮಟ್ಟಕ್ಕೆ, ಸಮಾಧಾನವಾಗಿ ಹರಿಯುತ್ತದೆ. ಕೆಳಗಿನ ತಿರುವಿನಿಂದ ಇಳುಕಲಿನ ಭೋರೆನ್ನುವ ಸದ್ದು ಬರುತ್ತದೆ. ಎದುರು ಬಂಡೆಯಲ್ಲಿ ಕವುಜುಗ ಹಕ್ಕಿಗಳು ಕೂಗುತ್ತವೆ. ಹೊತ್ತು ಕಳೆದಂತೆ ಒಂದೊಂದೇ ದೋಣಿ ಬರುತ್ತದೆ. ಇಷ್ಟು ವರ್ಷ ಸೀಟು ನೋಡಿಯೇ ಪರಿಚಯವಾಗಿದ್ದ ಜನ ಈಗ ಕೈಕಾಲು ಸಮೇತ ಎದುರಿಗೆ ಸಾಗುತ್ತಿದ್ದಾರೆ. ಅವರಿಗೋ ಇವರು ಯಾರೋ ಅಜ್ಜಿ.

"ಏನಜ್ಜಿ, ಯಾರಿಗ್ ಕಾಯ್ತಿದೀರಾ?" ಎಂದು ದೋಣಿಯಿಂದ ಒಬ್ಬ ಕೂಗಿ, ಬಾಯಲ್ಲಿದ್ದುದನ್ನು ಹೊಳೆಗೆ ಉಗಿಯುತ್ತಾನೆ. ಸೂರ್ಯಕಾಂತಿ ಸಿಪ್ಪೆ.

"ಮರದ ದೋಣಿ. ವಯಸ್ಸಾದವರು, ಒಬ್ಬರೇ. ಕಂಡ್ರಾ?"

"ಬೆಳಿಗ್ಗೆ ದ್ವೀಪದ ಹತ್ತಿರ ದೋಣಿ ಕಟ್ಟಿತ್ತು. ಮನುಷ್ಯ ಕಾಣಲಿಲ್ಲ. ಯಾಕೆ, ನಿಮ್ಮ ಯಜಮಾನ್ರಾ?"

"ಅಲ್ಲಪ್ಪ. ನಿನ್ನ ಗಾಡಿ ಬಲಗಡೆ ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇದೆ, ನೋಡ್ಕೋ."

ಅವನು ಬಾಯಿ ತೆರೆದು ನೋಡುತ್ತಿರುವಾಗಲೇ ಸೆಳವು ದೋಣಿಯನ್ನು ತಿರುವಿಗೆ ಒಯ್ಯುತ್ತದೆ. ಬೇರೆ ದಿನವಾಗಿದ್ದರೆ ವರ್ನಾ ಹೊಟ್ಟೆ ಹಿಡಿದು ನಗುತ್ತಿದ್ದರು. ದೋಣಿ ಇತ್ತು, ಮನುಷ್ಯ ಕಾಣಲಿಲ್ಲ ಎಂಬ ಮಾತು ಮಾತ್ರ ತಲೆಯೊಳಗೆ ಉಳಿಯುತ್ತದೆ.

ಆಮೇಲೆ ದೋಣಿಗಳು ಬರುವುದು ನಿಂತುಹೋಗುತ್ತದೆ. ಪಡುವಣ ಬಂಡೆಯ ನೆರಳು ಹೊಳೆಯನ್ನು ದಾಟಿ ಈ ದಂಡೆ ಮುಟ್ಟುತ್ತದೆ. ಚಳಿ ಏಳುತ್ತದೆ. ಗೇಲ್ ಹೋದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಹೀಗೇ ಅವರ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರಂತೆ ವರ್ನಾ. "ಮುಖವನ್ನೇ ನೋಡದವರಿಗೆ ಯಾಕಿಷ್ಟು ಸಂಕಟ ಪಡ್ತಿದೀನಿ ಅಂತ ನನಗೇ ಬೈಕೊಂಡೆ," ಎನ್ನುತ್ತಾರೆ. "ಆದ್ರೆ ಎದ್ದು ಹೋಗೋಕೆ ಆಗಲಿಲ್ಲ."

ಬೆಳಕು ಇನ್ನೂ ಇರುವಾಗಲೇ, ಮೇಲಿನ ತಿರುವಿನಲ್ಲಿ ಮರದ ದೋಣಿಯ ಮೂತಿ ಕಾಣುತ್ತದೆ. ಒಳಗೆ ಹಳೆಯ ಟೋಪಿಯ, ಕೋಲುಮುಖದ ಮುದುಕರೊಬ್ಬರು ಅವಸರವೇ ಇಲ್ಲದೆ ಹುಟ್ಟು ಹಾಕುತ್ತಿದ್ದಾರೆ. ವರ್ನಾ ಎದ್ದು ನಿಂತು ಜಾಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಬೀಸುತ್ತಾರೆ. ದೋಣಿ ನಿಧಾನಕ್ಕೆ ತಿರುಗಿ ದಂಡೆಗೆ ಬಂದು ಜಲ್ಲಿಯ ಮೇಲೆ ಕರಕರ ಎಂದು ನಿಲ್ಲುತ್ತದೆ.

"ನೋಡಿ, ನನ್ನ ಹತ್ರಾನೂ ಥೇಟ್ ಅಂಥದ್ದೇ ಒಂದಿದೆ," ಎನ್ನುತ್ತಾರೆ ಎಲ್ಡನ್, ಜಾಕೆಟ್ ನೋಡುತ್ತ.

"ಇದು ನಿಮ್ಮದೇ! ಗಾಡೀಲೇ ಬಿಟ್ಟು ಬಂದಿದೀರಿ. ಕೀ ಎಲ್ಲಿ?"

"ಟೈರ್ ಮೇಲೆ..." ಎನ್ನುತ್ತ ಎದೆಯ ಜೇಬಿಗೆ ಕೈ ಹಾಕಿದ ಎಲ್ಡನ್ ಅಲ್ಲೇ ನಿಂತುಬಿಡುತ್ತಾರೆ. ಕೈ ಹೊರಬಂದಾಗ ಅದರಲ್ಲಿ ಚರ್ಮದ ಪಟ್ಟಿಯ ಕೀಲಿಕೈಯಿದೆ. ಅದರ ಜೊತೆಗೇ ನೇರಳೆ ಬಣ್ಣದ ಹುಳುವೊಂದಿದೆ. ಅವರು ಎರಡನ್ನೂ ನೋಡುತ್ತಾರೆ, ಆಮೇಲೆ ವರ್ನಾರನ್ನು ನೋಡುತ್ತಾರೆ.

"ಏಪ್ರಿಕಾಟ್," ಎನ್ನುತ್ತಾರೆ ಕೊನೆಗೆ. "ನೀವೇನಾ ಏಪ್ರಿಕಾಟ್?"

"ವರ್ನಾ ಅಂತ ನನ್ನ ಹೆಸರು."

"ಕ್ಷಮಿಸಿ ಮ್ಯಾಮ್. ಹೆಸರು ಗೊತ್ತಿರಲಿಲ್ಲ, ಏನಾದ್ರೂ ಕರೀಬೇಕಿತ್ತಲ್ಲ. ಬೆಳಿಗ್ಗೆ ಈ ಹುಳುನ ಚರ್ಮಕ್ಕೆ ಚುಚ್ಚೋಕೆ ನೋಡ್ದೆ. ಕತ್ತಲು, ಚಳಿ, ಈ ಬೆರಳು ಬೇರೆ ಹೇಳಿದ ಮಾತು ಕೇಳಲ್ಲ. ಮೂರು ಸಲ ಕೈಗೇ ಚುಚ್ಕೊಂಡೆ. ಬೆಳಕಾಗಲಿ, ಆಮೇಲೆ ಚುಚ್ಚಿ ಇಟ್ಟು ಹೋಗೋಣ ಅಂತ ಜೇಬಿಗೆ ಹಾಕ್ದೆ. ಬೆಳಕಾದಾಗ ನೋಡಿದ್ರೆ ಹೊಳೆ ಮಧ್ಯೆ ಇದೀನಿ! ಆಗಲೂ ನೆನಪಾಗಲಿಲ್ಲ ನೋಡಿ."

ವರ್ನಾ ಬೈಯಬೇಕೆಂದು ಮಧ್ಯಾಹ್ನದಿಂದ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿಗೆ ಹೋಯಿತೋ. ಜಾಕೆಟ್ ಬಿಡಿಸಿ ಹಿಡಿಯುತ್ತಾರೆ, ಎಲ್ಡನ್ ತೆಪ್ಪಗೆ ತೋಳು ತೂರಿಸುತ್ತಾರೆ. ಎದೆಯ ಪಟ್ಟಿಯನ್ನು ವರ್ನಾ ತಾವೇ ಬಿಗಿದು, ಎರಡು ಸಲ ಎಳೆದು ನೋಡುತ್ತಾರೆ.

ಎಲ್ಡನ್ ನೀರಿನ ಕಡೆ ನೋಡುತ್ತಾರೆ. "ನೆರಳು ಬಿದ್ದಿದೆ. ಈ ನೀರಲ್ಲಿ ಇವತ್ತು ಯಾರಾದ್ರೂ ಇಳಿದ್ರಾ?"

"ಯಾರೂ ಇಲ್ಲ. ಮಧ್ಯಾಹ್ನದಿಂದ ಇಲ್ಲೇ ಇದೀನಿ."

"ಕೋಲು ಎರಡಿದೆ ದೋಣೀಲಿ," ಎಂದು ಎಲ್ಡನ್ ಒಂದನ್ನು ಎತ್ತಿ ಕೊಡುತ್ತಾರೆ. "ನೀವು ಮುಂದೆ ಇಳೀರಿ."

ಸ್ಟೀಲ್‌ಹೆಡ್ ಹೊಳೆಗಳಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಮುಂದೆ ಇಳಿದವರ ಹುಳುವನ್ನೇ ಮೀನು ಮೊದಲು ನೋಡುವುದು, ಹಿಂದಿನವರಿಗೆ ಉಳಿಕೆ. ಅಣ್ಣತಮ್ಮಂದಿರೂ ಈ ಜಾಗಕ್ಕೆ ಜಗಳವಾಡಿ ಮಾತು ಬಿಟ್ಟಿದ್ದಾರೆ. ವರ್ನಾ ಎಲ್ಡನ್ ಕೈಯಲ್ಲಿದ್ದ, ಪುಕ್ಕ ವಾಲಿದ ಆ ನೇರಳೆ ಹುಳುವನ್ನು ನೂಲಿಗೆ ಕಟ್ಟಿಕೊಂಡು, ಬೂಟು ಸಮೇತ ಮಂಡಿಯವರೆಗಿನ ತಣ್ಣೀರಿಗೆ ಇಳಿಯುತ್ತಾರೆ. ಎಸೆದು, ಕಾದು, ಒಂದು ಹೆಜ್ಜೆ ಸರಿಯುತ್ತಾರೆ. ಅವರು ಅಷ್ಟು ದೂರ ಹೋದ ಮೇಲೆ ಎಲ್ಡನ್ ಹಿಂದೆ ಇಳಿಯುತ್ತಾರೆ. ಹಿಂದಿನಿಂದ ಎಲ್ಡನ್ ನೂಲು ಬೀಸುವ ಸುಯ್ಯೆನ್ನುವ ಸದ್ದು ಮಾತ್ರ ಕೇಳಿಸುತ್ತಿರುತ್ತದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ವರ್ನಾ ಹಿಂದೆ ಒಬ್ಬರಿದ್ದಾರೆ.

ಆ ನೀರಿನಲ್ಲಿ ಅರ್ಧ ದೂರ ಸಾಗುವಷ್ಟರಲ್ಲಿ ನೂಲು ಬಿಗಿಯುತ್ತದೆ. ಮೀನು ಒಮ್ಮೆ ಜಗ್ಗಿ ಬಿಟ್ಟುಬಿಡುತ್ತದೆ.

"ಹೆಜ್ಜೆ ಇಡಬೇಡಿ!" ಹಿಂದಿನಿಂದ ಎಲ್ಡನ್ ಕೂಗುತ್ತಾರೆ. "ಅಲ್ಲೇ ನಿಂತು ಇನ್ನೊಂದ್ಸಲ ಎಸೀರಿ!"

ಮತ್ತೆ ಎಸೆಯುತ್ತಾರೆ. ಮತ್ತೂ ಒಮ್ಮೆ. ಮೀನು ಬರುವುದಿಲ್ಲ.

"ಹೋಯ್ತು," ಎನ್ನುತ್ತಾರೆ ವರ್ನಾ. "ಆದ್ರೆ ನಿಮ್ಮ ಹುಳುನ ನೋಡ್ತು."

"ಅಷ್ಟು ಕೆಟ್ಟದಾಗಿ ಕಟ್ಟಿದ್ದನ್ನೂ ನೋಡ್ತು ಅಂದ್ರೆ ಅದಕ್ಕೂ ನನ್ನಷ್ಟೇ ವಯಸ್ಸಾಗಿರ್ಬೇಕು," ಎನ್ನುತ್ತಾರೆ ಎಲ್ಡನ್. ಆಮೇಲೆ ನೀರಿಗೇ ಹೇಳುವಂತೆ ಹೇಳುತ್ತಾರೆ. "ಮುಂದಿನ ವರ್ಷ ಬರೋಕಾಗಲ್ಲ ನಾನು. ಕಣ್ಣು ಹೋಗ್ತಿದೆ, ಗಾಡಿ ಓಡಿಸಬೇಡ ಅಂದಿದಾರೆ ಡಾಕ್ಟ್ರು. ದೋಣಿ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದ್ರೆ ಗಾಡಿ ಇಲ್ದೆ ಹೊಳೆ ತನಕ ಬರೋದು ಹೇಗೆ?"

ವರ್ನಾ ನೂಲು ಸುತ್ತಿಕೊಳ್ಳುತ್ತಿದ್ದವರು ನಿಲ್ಲಿಸಿ ತಿರುಗುತ್ತಾರೆ.

"ಎಲ್ಡನ್, ಇಷ್ಟು ವರ್ಷ ನಿಮ್ಮ ಗಾಡಿ ಓಡಿಸ್ತಿರೋದು ಯಾರು?"

ಎಲ್ಡನ್ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ ಕೀಲಿಕೈಯನ್ನು ವರ್ನಾ ಕೈಗೆ ಹಾಕುತ್ತಾರೆ. ಗಲ್ಲದ ಮೇಲಿನ ಬಿಳಿ ಕುರುಚಲು ಅಲುಗುತ್ತದೆ.

ಬೆಳಕು ಆರುವ ಮೊದಲು ಎಲ್ಡನ್ ಇಳುಕಲಿಗೆ ದೋಣಿ ಬಿಡುತ್ತಾರೆ. ವರ್ನಾ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ದಂಡೆಯಲ್ಲಿ ನಿಲ್ಲುತ್ತಾರೆ. ದೋಣಿ ಬಂಡೆಯತ್ತ ನೇರ ನುಗ್ಗಿ, ಇನ್ನೇನು ಬಡಿಯಿತು ಎನ್ನುವಾಗ ಎಲ್ಡನ್ ಒಂದೇ ಹುಟ್ಟು ಎಳೆಯುತ್ತಾರೆ. ಮೂತಿ ತಿರುಗುತ್ತದೆ, ನೊರೆಯೊಳಗೆ ಮುಳುಗಿ ಏಳುತ್ತದೆ, ಕಿತ್ತಳೆ ಜಾಕೆಟ್ ಆಚೆ ಬದಿಯ ಶಾಂತ ನೀರಿನಲ್ಲಿ ಕಾಣುತ್ತದೆ. ಕಣ್ಣು ಮಂಜಾದರೂ ಕೈಗೆ ಹೊಳೆ ಗೊತ್ತಿದೆ. ಆಗಲೇ ವರ್ನಾ ಉಸಿರು ಬಿಟ್ಟು ಬೈಕು ಹತ್ತುವುದು.

ಡಂಕನ್ ಫೆರಿಗೆ ಹೋಗಿ, ಬೈಕು ಹತ್ತಿಸಿ, ಹಸಿರು ಪಿಕಪ್ಪನ್ನು ಸ್ಟೋನ್ ಬ್ರಿಜ್‌ಗೆ ತರುವ ಹೊತ್ತಿಗೆ ಉಳಿದವರೆಲ್ಲ ಹೊರಟುಹೋಗಿದ್ದಾರೆ. ಸೂರ್ಯಕಾಂತಿಯವನೊಬ್ಬ ಮಾತ್ರ ಎಲ್ಡನ್ ಜೊತೆ ನಿಂತಿದ್ದಾನೆ. ರಾತ್ರಿ ತನ್ನ ಗಾಡಿ ಇಲ್ಲೇ ಬಿಟ್ಟು ಎಲ್ಡನ್‌ರನ್ನು ಅವರದೇ ಗಾಡಿಯಲ್ಲಿ ಊರಿಗೆ ಬಿಟ್ಟುಬರಲು ಒಪ್ಪಿದ್ದಾನಂತೆ. ಟೈರಿಗೆ ಗಾಳಿ ತುಂಬಿಸಿಕೊಳ್ಳಲೂ ಮರೆತಿಲ್ಲ. ವರ್ನಾ ಗಾಡಿ ತಿರುಗಿಸಿ ನಿಲ್ಲಿಸುತ್ತಾರೆ. ಸೀಟು ಹಿಂದಕ್ಕೆ ತಳ್ಳುತ್ತಾರೆ. ತುಂಬಿದ ಶೀಶೆಯನ್ನು ಸೀಟಿನ ಮೇಲಿಡುತ್ತಾರೆ. ಬಾಗಿಲು ಹಾಕಿ, ನಡೆದುಹೋಗಿ, ಕೀಲಿಕೈಯನ್ನು ಹಿಂದಿನ ಎಡ ಟೈರಿನ ಮೇಲಿಡುತ್ತಾರೆ. ಗಾಡಿಯ ಒಡೆಯ ಎರಡು ಮಾರು ದೂರದಲ್ಲೇ ನಿಂತಿದ್ದಾರೆ ಎಂಬುದು ಕೈಗೆ ಮರೆತೇಹೋಗಿದೆ.

ಎಲ್ಡನ್ ನಗುವುದಿಲ್ಲ. ವರ್ನಾ ಪಕ್ಕಕ್ಕೆ ಸರಿಯುವವರೆಗೆ ಕಾಯುತ್ತಾರೆ. ಆಮೇಲೆ ಟ್ರೇಲರನ್ನು ಬಳಸಿ ಬಂದು, ಕಷ್ಟಪಟ್ಟು ಬಗ್ಗಿ, ಟೈರಿನ ಮೇಲೆ ಕೈಯಾಡಿಸಿ ಕೀಲಿಕೈ ಎತ್ತಿಕೊಳ್ಳುತ್ತಾರೆ.

"ಪ್ರತಿ ವರ್ಷ ಇಲ್ಲೇ ಇರುತ್ತೆ," ಎನ್ನುತ್ತಾರೆ, ಯಾರಿಗೂ ಅಲ್ಲ ಎಂಬಂತೆ. "ಒಂದು ವರ್ಷಾನೂ ತಪ್ಪಿಲ್ಲ."

ಮರುದಿನ ಬೆಳಗಿನ ಜಾವ ಅದೇ ಜಲ್ಲಿಯ ಬಯಲಿನಲ್ಲಿ, ಬೇರೆ ಗಾಡಿಗಳ ನಡುವೆ, ವರ್ನಾ ಮತ್ತೆ ಮಂಡಿಯೂರಿದ್ದಾರೆ. ಸಾಲಿನ ತುದಿಯಲ್ಲಿ ಆಲ್ಡರ್ ಮರಗಳ ಕೆಳಗಿನ ಜಾಗ ಖಾಲಿಯಿದೆ. ಮುಂದಿನ ಸೆಪ್ಟೆಂಬರ್ ಬಲು ದೂರದಲ್ಲಿದೆ, ನಡುವೆ ಒಂದು ಇಡೀ ಚಳಿಗಾಲವಿದೆ, ಎಲ್ಡನ್‌ಗೆ ಎಂಬತ್ತಮೂರು ವರ್ಷ. ಇದೆಲ್ಲ ವರ್ನಾಗೆ ಚೆನ್ನಾಗಿ ಗೊತ್ತು. ಆದರೂ ಪೈನ್ ಹಾಲೋಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಮರ್ವಿನ್ ಹತ್ತಿರ ಆಗಲೇ ವಿಚಾರಿಸಿಯಾಗಿದೆ.

"ಎಷ್ಟು ಸಾವಿರ ಗಾಡಿ ಓಡಿಸಿದೀನೋ ಲೆಕ್ಕ ಇಲ್ಲ. ಒಂದರಲ್ಲೂ ಒಡೆಯ ಪಕ್ಕದಲ್ಲಿ ಕೂತಿಲ್ಲ, ಒಂದರಲ್ಲೂ ರೇಡಿಯೊ ಮುಟ್ಟಿಲ್ಲ," ಎನ್ನುತ್ತಾರೆ, ಕೈಗೆ ಸಿಕ್ಕ ಕೀಲಿಕೈಯ ಹಿಮ ಒರೆಸುತ್ತ. "ಮುಂದಿನ ವರ್ಷ ಅವರು ಪಕ್ಕದಲ್ಲಿದ್ರೆ ಕೇಳೇಬಿಡ್ತೀನಿ, ಒಂದು ಹಾಡು ಹಾಕ್ಲಾ ಅಂತ."